ಅಂಗಾಲಿನ ಮಚ್ಚೆ ಬಗ್ಗೇನೂ ಬರೀರಿ

ಮಾನ್ಯ ಸಂಪಾದಕರೇ,

ಚರ್ಮದ ಕ್ಯಾನ್ಸರ್‌ಗೆ ಜೀನ್ ಚಿಕಿತ್ಸೆ ಅಂತ ನಿಮ್ಮ ಪೇಪರಲ್ಲಿ ಬಂದಿದ್ದ ಲೇಖನ ಎರಡು ಸಲ ಓದ್ದೆ, ನಮ್ಮಂಥ ಕಂದು ಚರ್ಮದೋರಿಗೆ ಅಂಗಾಲಲ್ಲಿ ಬರೋ ಕ್ಯಾನ್ಸರ್ ಅನ್ನೋ ಮುಖ್ಯ ವಿಷ್ಯಾನೇ ಬಿಟ್ಟೋಗಿದೆ ಅನ್ನಿಸ್ತು, ಅದಕ್ಕೇ ಈ ಪತ್ರ.

ನಮ್ಮ ದೊಡ್ಡಪ್ಪಂಗೆ ಹಿಮ್ಮಡಿ ಹತ್ರ ಒಂದು ಕಪ್ಪು ಮಚ್ಚೆ ಆಗಿತ್ತು. ಗದ್ದೇಲಿ ಬರಿಗಾಲಲ್ಲೇ ಓಡಾಡೋರು, ಆಣಿ ಇರ್ಬೇಕು ಅಂತ ಪಟ್ಟಿ ಅಂಟಿಸ್ಕೊಂಡು ಅಂಟಿಸ್ಕೊಂಡೇ ವರ್ಷ ಕಳೀತು, ತೋರಿಸಿದ ಡಾಕ್ಟ್ರೂ ಆಣಿ ಅಂತಾನೇ ಕೆತ್ತಿ ಕಳಿಸಿದ್ರು. ಕೊನೆಗೆ ಚೂರು ಚರ್ಮ ತೆಗೆದು ಬಯಾಪ್ಸಿ ಪರೀಕ್ಷೆ ಮಾಡಿದಾಗ ಮೆಲನೋಮ, ಅಂದ್ರೆ ಚರ್ಮಕ್ಕೆ ಬಣ್ಣ ಕೊಡೋ ಜೀವಕೋಶದಲ್ಲಿ ಶುರುವಾಗೋ ಕ್ಯಾನ್ಸರ್ ಅಂತ ಬಂತು, ಅಷ್ಟೊತ್ತಿಗೆ ತೊಡೆಸಂದಿನ ಗಂಟಿಗೂ ಹರಡಿತ್ತು.

ನಾವೂ ಆಗ ಜೀನ್ ಔಷಧಿ ಮೇಲೇ ಆಸೆ ಇಟ್ಕೊಂಡಿದ್ವಿ. ಬಿಳಿ ಚರ್ಮದೋರಿಗೆ ಬರೋ ಮೆಲನೋಮದಲ್ಲಿ ಸುಮಾರು ಅರ್ಧದಷ್ಟು ಕೇಸಲ್ಲಿ ಬ್ರಾಫ್ ಅನ್ನೋ ಜೀನ್ ಕೆಟ್ಟಿರುತ್ತೆ, ಇದು ಗೊತ್ತಾಗಿದ್ದು 2002ರಲ್ಲಿ. ಕೆಟ್ಟ ಮೇಲೆ ಅದು ಜೀವಕೋಶಕ್ಕೆ ಬೆಳಿ ಬೆಳಿ ಅಂತ ಹೇಳ್ತಾನೇ ಇರುತ್ತೆ, ಅದರ ಬಾಯಿ ಮುಚ್ಚಿಸೋ ವೆಮುರಾಫೆನಿಬ್ ಮಾತ್ರೆಗೆ 2011ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ತು. ಗಡ್ಡೆ ಬೇಗ ಕರಗುತ್ತೆ ನಿಜ, ಆದ್ರೆ ತುಂಬಾ ಜನಕ್ಕೆ ಕೆಲವು ತಿಂಗಳಲ್ಲೇ ಮತ್ತೆ ತಲೆ ಎತ್ತುತ್ತೆ, ಹಾಗಾಗಿ ಈಗ ಎರಡು ಮಾತ್ರೆ ಸೇರಿಸಿ ಕೊಡ್ತಾರೆ. 2015ರಲ್ಲಿ ಹರ್ಪಿಸ್ ವೈರಸ್ಸಿನ ಜೀನ್ ಬದಲಾಯಿಸಿ ನೇರ ಗಡ್ಡೆಗೇ ಚುಚ್ಚೋ ಔಷಧಿ ಬಂತು. ಒಬ್ಬೊಬ್ಬ ರೋಗಿಯ ಗಡ್ಡೆ ಜೀನ್ ಓದಿ ಅವರಿಗಂತಲೇ ಮಾಡೋ ಎಂಆರ್‌ಎನ್‌ಎ ಲಸಿಕೆನ (ಆ ಗಡ್ಡೆನ ಗುರುತಿಸೋಕೆ ದೇಹಕ್ಕೆ ಕಲಿಸೋದು) ಇಮ್ಯುನೋಥೆರಪಿ, ಅಂದ್ರೆ ನಮ್ಮದೇ ರೋಗನಿರೋಧಕ ಶಕ್ತಿನ ಕ್ಯಾನ್ಸರ್ ಮೇಲೆ ಎಬ್ಬಿಸೋ ಚಿಕಿತ್ಸೆ ಜೊತೆ ಕೊಟ್ಟು 157 ಜನರಲ್ಲಿ ನೋಡಿದಾರೆ, ಬರೀ ಇಮ್ಯುನೋಥೆರಪಿ ತಗೊಂಡೋರಿಗಿಂತ ಕಾಯಿಲೆ ಮರುಕಳಿಸೋ ಇಲ್ಲಾ ಸಾಯೋ ಅಪಾಯ 44% ಕಮ್ಮಿ ಆಯ್ತಂತೆ. ಓದಿದ್ರೆ ಕಣ್ಣು ತುಂಬುತ್ತೆ.

ಆದ್ರೆ ನಮ್ಮಂಥ ಕಂದು ಚರ್ಮದೋರಿಗೆ ಮೆಲನೋಮ ಬರೋದೇ ಅಪರೂಪ, ಬಂದ್ರೆ ಹೆಚ್ಚಾಗಿ ಅಂಗಾಲು, ಅಂಗೈ, ಉಗುರಿನ ಕೆಳಗೆ. ಬಿಸಿಲಿಗೂ ಅದಕ್ಕೂ ಅಷ್ಟು ಸಂಬಂಧ ಇಲ್ಲ, ಮತ್ತೆ ಅದರಲ್ಲಿ ಬ್ರಾಫ್ ಕೆಟ್ಟಿರೋದೂ ಕಮ್ಮಿ, ಕೆಲವರಲ್ಲಿ ಕಿಟ್ ಅನ್ನೋ ಬೇರೆ ಜೀನ್ ಕೆಟ್ಟಿರುತ್ತೆ. ಗಾಯಕ ಬಾಬ್ ಮಾರ್ಲಿಗೆ ಕಾಲ್ಬೆರಳಿನ ಉಗುರಿನ ಕೆಳಗೆ ಬಂದಿದ್ದೂ ಇದೇ, 1981ರಲ್ಲಿ ತೀರ್ಕೊಂಡಾಗ ಬರೀ 36 ವರ್ಷ. ದೊಡ್ಡಪ್ಪನ ರಿಪೋರ್ಟಲ್ಲಿ ಬ್ರಾಫ್ ನೆಗೆಟಿವ್, ಅಂದ್ರೆ ಆ ಜೀನ್ ಕೆಟ್ಟಿಲ್ಲ ಅಂತ ಇತ್ತು, ಬ್ರಾಫ್ ಬಾಯಿ ಮುಚ್ಚಿಸೋ ಆ ಮಾತ್ರೆ ಅವರಿಗೆ ಅಲ್ಲವೇ ಅಲ್ಲ ಅಂತ ನಮಗೆ ತಿಳಿಯೋಕೇ ಒಂದು ವಾರ ಬೇಕಾಯ್ತು. ಹೋದ ವರ್ಷ ತೀರ್ಕೊಂಡ್ರು.

ಮುಂದಿನ ಸಲ ಈ ವಿಷ್ಯ ಬರೆಯೋವಾಗ ಬಿಳಿ ಬೆನ್ನಿನ ಮೇಲಿರೋ ಮಚ್ಚೆ ಫೋಟೋ ಬದಲು ಒಂದು ಅಂಗಾಲಿನ ಫೋಟೋ ಹಾಕಿ, ವಾಸಿಯಾಗದ ಆಣಿನ ಕೆತ್ತಿಸೋ ಮುಂಚೆ ಚರ್ಮದ ಡಾಕ್ಟ್ರಿಗೆ ತೋರಿಸಿ ಅಂತ ಎರಡು ಸಾಲು ದಪ್ಪಕ್ಷರದಲ್ಲಿ ಹಾಕಿ ಸಾರ್.

ಇತಿ,
ನಿಮ್ಮ ಓದುಗ, ಮಂಡ್ಯ ಜಿಲ್ಲೆ