ಪ್ರಿಂಟರ್ ತರುವ ಮೊದಲು ಇದನ್ನು ಓದು, ಮಗಳೇ

ರಾಯಚೂರು

ಚಿ. ಸೌ. ಮಗಳಿಗೆ ನಿನ್ನ ದೊಡ್ಡವ್ವನ ಆಶೀರ್ವಾದಗಳು.

ನಾವಿಲ್ಲಿ ಕ್ಷೇಮ. ಗಂಗಾವತಿಯಲ್ಲಿ ತಹಶೀಲ್ದಾರ್ ಕಚೇರಿ ಹತ್ತಿರ ಮಳಿಗೆ ಹಿಡಿದಿದ್ದೀಯಂತೆ, ನಿಮ್ಮವ್ವ ಫೋನಿನಲ್ಲಿ ಹೇಳಿದಳು. ಅರ್ಜಿ ಬರೆದುಕೊಡುವುದು, ಪಹಣಿ ತೆಗೆದುಕೊಡುವುದು, ಜೆರಾಕ್ಸ್. ಕೇಳಿ ತುಂಬಾ ಖುಷಿಯಾಯಿತು. ಕಂಪ್ಯೂಟರ್ ಬಂದಿದೆ, ಪ್ರಿಂಟರ್ ಒಂದು ಬಾಕಿ, ಆನ್‌ಲೈನ್‌ನಲ್ಲಿ ಮೂರು ಸಾವಿರದ್ದು ನೋಡಿ ಇಟ್ಟಿದ್ದಾಳೆ ಅಂದಳು. ಅದಕ್ಕೇ ರಾತ್ರಿ ಊಟ ಆದ ಕೂಡಲೇ ಬರೆಯಲು ಕೂತೆ. ಇಂಥದ್ದನ್ನು ಫೋನಿನಲ್ಲಿ ಹೇಳಿದರೆ ಅರ್ಧ ಮರೆತುಹೋಗುತ್ತದೆ. ಕಾಗದದಲ್ಲಿದ್ದರೆ ಅಂಗಡಿಗೆ ಹೋಗುವಾಗ ಕೈಯಲ್ಲಿ ಹಿಡಿದುಕೊಂಡು ಹೋಗಬಹುದು.

ಆ ಮೂರು ಸಾವಿರದ ಪ್ರಿಂಟರ್ ತರಬೇಡ, ಮಗಳೇ.

ನಾನೂ ಅಂಥದ್ದೇ ತಂದಿದ್ದೆ. ಕೋರ್ಟಿನ ಮುಂದೆ ಟೈಪಿಂಗ್ ಬಿಟ್ಟು ಕಂಪ್ಯೂಟರ್ ಇಟ್ಟ ಹೊಸತು. ಯಾವ ಕಂಪನಿಯದು ಅಂತ ಬೇಡ ಬಿಡು. ಸಣ್ಣ ಕಾರ್ಟ್ರಿಜ್ ಹಾಕುವ ಇಂಕ್‌ಜೆಟ್. ಮೊದಲ ತಿಂಗಳು ಚೆನ್ನಾಗಿ ನಡೆಯಿತು. ಬೇಸಿಗೆಯಲ್ಲಿ ನಿಮ್ಮಕ್ಕನ ಬಾಣಂತನಕ್ಕೆ ಅಂಗಡಿ ಮುಚ್ಚಿ ಮನೆಯಲ್ಲಿ ಉಳಿದೆ. ತಿಂಗಳ ಮೇಲೆ ಬಾಗಿಲು ತೆಗೆದರೆ ಕಾಗದಕ್ಕೆ ಇಂಕು ಚಿಮ್ಮಿಸುವ ಹೆಡ್ಡಿನಲ್ಲಿ ಇಂಕು ಒಣಗಿ ಕೂತಿತ್ತು. ಅವತ್ತೇ ಮಾನ್ವಿ ಕಡೆಯ ಒಬ್ಬ ರೈತ ಸಾಲದ ಅರ್ಜಿ ಹಿಡಿದು ಬಂದ. ಕಡೆಯ ದಿನ. ಹಾಳೆ ತೆಗೆದರೆ ಅಕ್ಷರದ ನಡುವೆ ಬಿಳಿ ಗೆರೆ. ಕ್ಲೀನಿಂಗ್ ಕೊಟ್ಟೆ, ಮತ್ತೆ ಕೊಟ್ಟೆ. ಉಳಿದ ಇಂಕೆಲ್ಲ ಕ್ಲೀನಿಂಗೇ ಕುಡಿಯಿತು. ಆ ಮನುಷ್ಯ ಬಿಸಿಲಲ್ಲಿ ಬೇರೆ ಅಂಗಡಿ ಹುಡುಕಿಕೊಂಡು ಓಡಿದ. ಅವನ ಮುಖ ಇವತ್ತಿಗೂ ನನ್ನ ಕಣ್ಣ ಮುಂದಿದೆ.

ಪ್ರಿಂಟರಿನ ಬೆಲೆ ಡಬ್ಬದ ಮೇಲೆ ಇರುವುದಿಲ್ಲ, ಒಂದೊಂದು ಹಾಳೆಯಲ್ಲಿ ಇರುತ್ತದೆ. ಲೆಕ್ಕಕ್ಕೆ ಅಂತ ತಿಳಿ. ಕಾರ್ಟ್ರಿಜ್ ಸಾವಿರ ರೂಪಾಯಿ, ತೆಗೆಯುವುದು 200 ಹಾಳೆ ಅಂದರೆ ಹಾಳೆಗೆ 5 ರೂಪಾಯಿ ಇಂಕಿಗೇ ಹೋಯಿತು. ಕಾಗದ, ಕರೆಂಟು, ಬಾಡಿಗೆ ಬೇರೆ. ನೀನು ಜನರ ಹತ್ತಿರ ಎಷ್ಟು ತಗೊಳ್ತೀ? ಅದಕ್ಕೇ ಅಂಗಡಿಯವನನ್ನು ಮೊದಲು ಇದನ್ನೇ ಕೇಳು. ಇದಕ್ಕೆ ಹಾಕುವ ಇಂಕು, ಲೇಸರ್ ಪ್ರಿಂಟರ್ ಆದರೆ ಟೋನರ್ ಅನ್ನುವ ಪುಡಿ, ಅದರ ಬೆಲೆ ಎಷ್ಟು, ಎಷ್ಟು ಹಾಳೆ ಬರುತ್ತದೆ? ನಮ್ಮ ಕಡೆ ಆಫೀಸುಗಳಲ್ಲಿ ಕಾಣುವ ಎಚ್‌ಪಿಯ 12ಎ ಟೋನರಿಗೆ ಕಂಪನಿ ಹೇಳುವುದು 2,000 ಹಾಳೆ, 88ಎಗೆ 1,500. ಕಾರ್ಟ್ರಿಜ್ ಬದಲು ಬಾಟಲಿಯಿಂದ ಇಂಕು ತುಂಬುವ ಎಪ್ಸನ್ ಇಂಕ್ ಟ್ಯಾಂಕ್ ಪ್ರಿಂಟರಿನ 003 ಕಪ್ಪು ಬಾಟಲಿ 65 ಮಿಲಿಲೀಟರ್, ಅದರಲ್ಲಿ ಸುಮಾರು 4,500 ಹಾಳೆ. ಇದೆಲ್ಲ ಹಾಳೆಯಲ್ಲಿ ಅಕ್ಷರ ತೆಳ್ಳಗೆ ಇರುವಾಗಿನ ಲೆಕ್ಕ. ಆಧಾರ್ ಕಾರ್ಡಿನ ಫೋಟೋ ಕಪ್ಪಗೆ ತುಂಬಿದ ಜೆರಾಕ್ಸ್ ತೆಗೆದರೆ ಅಷ್ಟು ಬರುವುದಿಲ್ಲ. ಇನ್ನೊಂದು, ಹೊಸ ಲೇಸರ್ ಪ್ರಿಂಟರಿನ ಜೊತೆ ಬರುವ ಟೋನರ್ ಎಷ್ಟೋ ಸಲ ಪೂರ್ತಿ ತುಂಬಿರುವುದಿಲ್ಲ. ಬೇಗ ಮುಗಿದರೆ ಗಾಬರಿಯಾಗಬೇಡ. ಮೊದಲ ತಿಂಗಳೇ ಒಂದು ಟೋನರಿಗೆ ದುಡ್ಡು ತೆಗೆದಿಡು.

ಈಗ ಯಾವುದು ತರಬೇಕು ಅನ್ನುವ ಮಾತು. ನಿನ್ನ ಕೆಲಸ ನೋಡು. ಅರ್ಜಿ, ಪಹಣಿ, ಆಧಾರ್, ಪಾಸ್‌ಬುಕ್. ನೂರಕ್ಕೆ ತೊಂಬತ್ತು ಕಪ್ಪು ಅಕ್ಷರವೇ ಅಲ್ವಾ? ಕೆಲವು ದಿನ ಜನ ಮುಗಿಬೀಳುತ್ತಾರೆ. ಕೆಲವು ದಿನ ನೊಣ ಹೊಡೆಯುತ್ತಾ ಕೂರಬೇಕು. ಗವಿಮಠದ ಜಾತ್ರೆಗೆ ಕೊಪ್ಪಳಕ್ಕೆ ಹೋದರೆ ನೀನು ವಾರ ಬರುವವಳಲ್ಲ. ಇಂಥ ಕೆಲಸಕ್ಕೆ ಕಪ್ಪು-ಬಿಳುಪು ಲೇಸರೇ ಸರಿ. ಅದರಲ್ಲಿ ಇಂಕಿಲ್ಲ, ಪುಡಿ ಇದೆ. ಪುಡಿ ಒಣಗುವುದಿಲ್ಲ. ಎರಡು ತಿಂಗಳು ಬಿಟ್ಟು ಬಂದರೂ ಮೊದಲ ಹಾಳೆ ಸ್ವಚ್ಛ ಬರುತ್ತದೆ. ಜೆರಾಕ್ಸ್ ಯಂತ್ರದ ವಿದ್ಯೆಯೇ ಇದು. 1938ರಲ್ಲಿ ಅಮೆರಿಕದ ಚೆಸ್ಟರ್ ಕಾರ್ಲ್‌ಸನ್ ಇಂಕಿಲ್ಲದೆ ಒಣ ಪುಡಿಯಿಂದ ಮೊದಲ ಪ್ರತಿ ತೆಗೆದ. ಒಣ ಬರಹ ಅನ್ನುವ ಅರ್ಥದ ಗ್ರೀಕ್ ಮಾತಿನಿಂದಲೇ ಜೆರಾಕ್ಸ್ ಅನ್ನುವ ಹೆಸರು ಬಂದದ್ದು. ಕಾರ್ಬನ್ ಕಾಗದ ಇಟ್ಟು ನಾಲ್ಕು ಪ್ರತಿ ಕುಟ್ಟಿದ ನನ್ನಂಥವಳಿಗೆ ಅದು ಎಷ್ಟು ದೊಡ್ಡ ಉಪಕಾರ ಅಂತ ಗೊತ್ತು.

ಕನ್ನಡಕ್ಕೂ ಲೇಸರೇ ಚಂದ. ನಮ್ಮ ಒತ್ತಕ್ಷರ ಸಣ್ಣವು. ತೆಳು ಕಾಗದದ ಮೇಲೆ ಇಂಕು ಸ್ವಲ್ಪ ಹರಡಿದರೂ ಒತ್ತು ಕಲಸಿಕೊಳ್ಳುತ್ತದೆ. ರೈತನ ಹೆಸರಿನಲ್ಲಿ ಒಂದು ಒತ್ತು ಓದಲು ಬಾರದಿದ್ದರೆ ಗುಮಾಸ್ತ ಅರ್ಜಿ ವಾಪಸ್ ಕೊಡುತ್ತಾನೆ. ಕೆಲವು ಇಂಕು ಬೆವರಿನ ಕೈ ತಗುಲಿದರೂ ಹರಿಯುತ್ತದೆ. ನಮ್ಮ ಬಿಸಿಲಿಗೆ ಯಾರ ಕೈ ಒಣಗಿರುತ್ತದೆ ಹೇಳು.

ಲೇಸರಿಗೆ ಒಂದು ತೊಂದರೆ ಇದೆ, ಮುಚ್ಚಿಡುವುದಿಲ್ಲ. ಪುಡಿಯನ್ನು ಕರಗಿಸಿ ಕಾಗದಕ್ಕೆ ಹಿಡಿಸಲು ಒಳಗಿನ ರೋಲರ್ ಸುಮಾರು 200 ಡಿಗ್ರಿ ಕಾಯಬೇಕು. ಕಾಯುವಾಗ ಒಂದೇ ಸಲಕ್ಕೆ ನೂರಾರು ವ್ಯಾಟ್ ಎಳೆಯುತ್ತದೆ. ಕಂಪ್ಯೂಟರಿನ ಸಣ್ಣ ಯುಪಿಎಸ್‌ಗೆ ಅದನ್ನು ಸಿಕ್ಕಿಸಲೇಬೇಡ, ಗೋಡೆಯ ಪ್ಲಗ್ಗಿಗೇ ಹಾಕು. ಕರೆಂಟ್ ಹೋದಾಗ ಪ್ರಿಂಟ್ ನಿಲ್ಲುತ್ತದೆ, ನಿಲ್ಲಲಿ. ಅಷ್ಟರಲ್ಲಿ ಅರ್ಜಿ ಟೈಪ್ ಮಾಡಿ ಇಟ್ಟುಕೋ. ಇಂಕ್ ಟ್ಯಾಂಕ್ ಪ್ರಿಂಟರಿಗೆ 15 ವ್ಯಾಟ್ ಆಸುಪಾಸು ಸಾಕು, ಯುಪಿಎಸ್ ಮೇಲೂ ನಡೆಯುತ್ತದೆ. ನಿಮ್ಮ ಮಳಿಗೆಯಲ್ಲಿ ದಿನಕ್ಕೆ ನಾಲ್ಕೈದು ತಾಸು ಕರೆಂಟ್ ಇರುವುದಿಲ್ಲ ಅನ್ನುವುದಾದರೆ, ದಿನಾ ತಪ್ಪದೆ ಪ್ರಿಂಟ್ ತೆಗೆಯುತ್ತೇನೆ ಅನ್ನುವುದಾದರೆ ಟ್ಯಾಂಕೇ ತಗೋ, ನಾನು ಬೇಡ ಅನ್ನುವುದಿಲ್ಲ. ಅಕ್ಕಪಕ್ಕದ ಅಂಗಡಿಯವರನ್ನು ಮೊದಲು ವಿಚಾರಿಸು.

ಟ್ಯಾಂಕ್ ತಗೊಂಡರೆ ಎರಡು ಮಾತು ನೆನಪಿಡು. ಆರಿಸುವಾಗ ಪ್ರಿಂಟರಿನದೇ ಬಟನ್ ಒತ್ತಿ ಆರಿಸು. ಆಗ ಹೆಡ್ ತನ್ನ ಜಾಗಕ್ಕೆ ಹೋಗಿ ಮುಚ್ಚಳದ ಕೆಳಗೆ ಕೂರುತ್ತದೆ. ಪ್ರಿಂಟ್ ನಡುವೆ ಕರೆಂಟ್ ಹೋದರೆ ಹೆಡ್ ಬಯಲಲ್ಲೇ ನಿಂತು ಒಣಗುತ್ತದೆ. ಕರೆಂಟ್ ಬಂದ ಮೇಲೆ ಒಮ್ಮೆ ಆನ್ ಮಾಡಿ, ಬಟನ್‌ನಿಂದಲೇ ಆಫ್ ಮಾಡಿ ಆಮೇಲೆ ಮನೆಗೆ ಹೋಗು. ಮತ್ತೆ, ಇಂಕು ತುಂಬಿದ ಮೇಲೆ ಅದನ್ನು ವಾಲಿಸಿ ಆಟೋದಲ್ಲಿ ಬಸ್ಸಿನಲ್ಲಿ ಒಯ್ಯಬಾರದು.

ಯಾವುದೇ ತಂದರೂ ಮೇಲೆ ಗಾಜಿನ ಸ್ಕ್ಯಾನರ್ ಇರುವುದನ್ನೇ ತಾ. ಪಾಸ್‌ಬುಕ್, ಆಧಾರ್ ಕಾರ್ಡ್ ಹಾಳೆ ಎಳೆದುಕೊಳ್ಳುವ ಯಂತ್ರದಲ್ಲಿ ಹೋಗುವುದಿಲ್ಲ. ಕಾರ್ಡಿನ ಎರಡೂ ಬದಿ ಒಂದೇ ಹಾಳೆಗೆ ಬರುವ ಐಡಿ ಕಾಪಿ ಬಟನ್ ಇದೆಯಾ ನೋಡು. ಅದೊಂದು ಬಟನ್ನಿಗೆ ದಿನಕ್ಕೆ ಐವತ್ತು ಸಲ ಕೈ ಹೋಗುತ್ತದೆ. ಸಣ್ಣ ಪ್ರಿಂಟರುಗಳ ಗಾಜು ಸಾಮಾನ್ಯವಾಗಿ ಎ4 ಅಳತೆ. ಹಳೇ ಖರೀದಿ ಪತ್ರ ಲೀಗಲ್ ಅಳತೆಯದು ಬಂದರೆ ಕೆಳಗಿನ ಸಾಲು, ಸಹಿ ಕತ್ತರಿಸಿ ಹೋಗುತ್ತದೆ. ಅಂಥ ಕಾಗದ ಬಂದರೆ ದೊಡ್ಡ ಜೆರಾಕ್ಸ್ ಅಂಗಡಿಗೆ ಕಳಿಸು. ಅರ್ಧ ಕಾಣುವ ಪ್ರತಿ ಕೊಟ್ಟು ದುಡ್ಡು ತಗೊಳ್ಳಬೇಡ. ಎರಡು ಬದಿ ತಾನೇ ಪ್ರಿಂಟ್ ಮಾಡುವ ಡ್ಯೂಪ್ಲೆಕ್ಸ್ ಇದ್ದರೆ ಕಾಗದ ಉಳಿಯುತ್ತದೆ. ಸ್ವಲ್ಪ ಹೆಚ್ಚು ಕೊಟ್ಟಾದರೂ ತಗೋ. ಕಲರ್ ಆಸೆ ಈಗ ಬೇಡ. ಫೋಟೋ ಬೇಕಾದವರಿಗೆ ಸ್ಟುಡಿಯೋ ಇದೆ.

ಗಂಗಾವತಿಯಲ್ಲಿ ಅಕ್ಕಿ ಗಿರಣಿಗಳ ಧೂಳು ಹೇಳಬೇಕಾಗಿಲ್ಲ. ಕಾಗದ ಎಳೆಯುವ ರಬ್ಬರ್ ರೋಲರಿಗೆ ಧೂಳು ಕೂತರೆ ಜಾರುತ್ತದೆ, ಹಾಳೆ ಸಿಕ್ಕಿಕೊಳ್ಳುತ್ತದೆ. ಬಾಗಿಲಿಗೆ ದೂರ ಇಡು. ಸಂಜೆ ಹಳೇ ಸೀರೆ ತುಂಡು ಹೊದಿಸು, ಆದರೆ ಬಿಸಿ ಆರಿದ ಮೇಲೆ. ರಿಮ್ ಬಿಚ್ಚಿದರೆ ಬಾಯಿ ಮಡಚಿ ಇಡು, ಮಳೆಗಾಲದಲ್ಲಿ ತೇವ ಎಳೆದ ಕಾಗದ ಸುರುಳಿಯಾಗಿ ಒಳಗೇ ನಿಲ್ಲುತ್ತದೆ.

ರೀಫಿಲ್ ಮಾಡಿಸುವುದು ತಪ್ಪಲ್ಲ, ನಾನೂ ಮಾಡಿಸಿದ್ದೇನೆ. ಆದರೆ ವಾರಂಟಿ ಇರುವವರೆಗೆ ಕಂಪನಿಯದೇ ಹಾಕು. ಕೆಲವು ಹೊಸ ಪ್ರಿಂಟರುಗಳು ಚಿಪ್ ನೋಡಿ ಬೇರೆ ಟೋನರ್ ಒಲ್ಲೆ ಅನ್ನುತ್ತವೆ. ಕೊಳ್ಳುವಾಗಲೇ ಬಾಯಿಬಿಟ್ಟು ಕೇಳು. ರಿಪೇರಿ ಮಾಡುವವನು ಗಂಗಾವತಿಯಲ್ಲೇ ಸಿಗುತ್ತಾನಾ, ಹೊಸಪೇಟೆಗೆ ಒಯ್ಯಬೇಕಾ, ಅದನ್ನೂ ಕೇಳು. ನನ್ನ ಕೇಳಿದರೆ ಊರಲ್ಲಿ ರಿಪೇರಿ ಸಿಗುವ ಹಳೇ ಮಾಡೆಲ್ಲು, ಸಿಗದ ಹೊಸ ಮಾಡೆಲ್ಲಿಗಿಂತ ಎಷ್ಟೋ ಮೇಲು.

ದುಡ್ಡು ಕಡಿಮೆ ಬಿದ್ದರೆ ಸಂಕೋಚ ಬೇಡ, ನನಗೆ ಹೇಳು. ಪೆನ್ಷನ್ ಇಲ್ಲದಿದ್ದರೂ ಅಂಗಡಿಯ ಉಳಿತಾಯ ಇದೆ. ಆ ಮೂರು ಸಾವಿರದ್ದನ್ನು ಆರ್ಡರ್ ಮಾಡಿದ್ದರೆ ನಾಳೆ ಬೆಳಿಗ್ಗೆಯೇ ಕ್ಯಾನ್ಸಲ್ ಮಾಡು. ಅಂಗಡಿಗೆ ಹೋದಾಗ ಒಂದು ಪಹಣಿಯನ್ನು ಪೆನ್‌ಡ್ರೈವಿನಲ್ಲಿ ಒಯ್ದು ಅಲ್ಲೇ ಪ್ರಿಂಟ್ ತೆಗೆಸಿ ನೋಡು. ಆ ಹಾಳೆಯ ಫೋಟೋ ನನಗೆ ಕಳಿಸು. ಒತ್ತಕ್ಷರ ನೋಡಿ ಹೇಳುತ್ತೇನೆ.

ನಿನ್ನ ದೊಡ್ಡವ್ವ