ಇಲಿಯ ಭೇದಿ ನಿಂತರೆ ಸಾಲದು

ಮಾನ್ಯರೇ,

ಯಾವುದೋ ಗಿಡದ ಕಷಾಯ ಅತಿಸಾರಕ್ಕೆ ರಾಮಬಾಣವೆಂದು ಸಾಬೀತಾಗಿದೆ ಎಂಬ ಸುದ್ದಿ ಆಗಾಗ ಕಣ್ಣಿಗೆ ಬೀಳುತ್ತದೆ. ಸಾಬೀತಾಗಿದ್ದು ಯಾರ ಮೇಲೆ ಎಂದು ಕೆದಕಿದರೆ, ಹೆಚ್ಚಾಗಿ ಇಲಿಗಳ ಮೇಲೆ! ಇಲಿಗೆ ಹರಳೆಣ್ಣೆ ಕುಡಿಸಿ ಭೇದಿ ಮಾಡಿಸುತ್ತಾರೆ, ಪಂಜರದಡಿ ಹಾಸಿದ ಕಾಗದದ ಮೇಲೆ ಬಿದ್ದ ಒದ್ದೆ ಹಿಕ್ಕೆ ಎಣಿಸುತ್ತಾರೆ. ಇನ್ನು ಕೆಲವರು ಇದ್ದಿಲ ಪುಡಿ ಕೊಟ್ಟು, ಅದು ಕರುಳಿನಲ್ಲಿ ಎಷ್ಟು ದೂರ ಸಾಗಿತೆಂದು ಅಳೆಯುತ್ತಾರೆ; ಕಷಾಯ ಕುಡಿದ ಇಲಿಯಲ್ಲಿ ಹಿಕ್ಕೆ ಕಡಿಮೆಯಾದರೆ, ಪುಡಿ ನಿಧಾನವಾಗಿ ಸಾಗಿದರೆ ಮದ್ದು ಗೆದ್ದಿತೆಂದು ಲೆಕ್ಕ. ಮೊದಲ ಹೆಜ್ಜೆಗೆ ಸರಿಯೇ. ಆದರೆ ಹರಳೆಣ್ಣೆಯ ಭೇದಿಯೇ ಬೇರೆ, ರೋಟಾವೈರಸ್ ಅಥವಾ ಕಾಲರಾ ತರುವ ಭೇದಿಯೇ ಬೇರೆ. ಸೋಂಕಿರುವಾಗ, ಅದರಲ್ಲೂ ರಕ್ತಭೇದಿಯಲ್ಲಿ, ಕರುಳಿನ ಚಲನೆ ತಡೆಯುವುದು ಅಪಾಯ.

ಗಿಡಮೂಲಿಕೆಯನ್ನು ಹಳಿಯುತ್ತಿಲ್ಲ. ದಕ್ಷಿಣ ಅಮೆರಿಕದ ಕ್ರೋಟಾನ್ ಲೆಕ್ಲೆರಿ ಮರದ ಕೆಂಪು ಸೊನೆಯಿಂದ ತೆಗೆದ ಕ್ರೊಫೆಲೆಮರ್, ಮನುಷ್ಯರ ಮೇಲಿನ ಪರೀಕ್ಷೆ ದಾಟಿ 2012ರಲ್ಲಿ ಅಮೆರಿಕದ ಔಷಧ ನಿಯಂತ್ರಕರ ಒಪ್ಪಿಗೆ ಪಡೆಯಿತು. ಅದೂ ಎಚ್‌ಐವಿ ಚಿಕಿತ್ಸೆಯಲ್ಲಿರುವ ವಯಸ್ಕರ, ಸೋಂಕಿನಿಂದ ಬಾರದ ಭೇದಿಗೆ ಮಾತ್ರ.

ಹೊಸ ಮೂಲಿಕೆಯನ್ನು ಮಕ್ಕಳಲ್ಲಿ ಪರೀಕ್ಷಿಸುವವರು ಮೂಲಿಕೆ ಪಡೆದವರು, ಪಡೆಯದವರು ಎರಡೂ ಗುಂಪಿಗೆ ಭೇದಿಯ ರೂಢಿಯ ಚಿಕಿತ್ಸೆಯಾದ ಓಆರ್‌ಎಸ್ (ಉಪ್ಪು-ಸಕ್ಕರೆಯ ದ್ರಾವಣ) ಮತ್ತು ಸತು (ಜಿಂಕ್) ಕೊಟ್ಟೇ ಹೋಲಿಸಬೇಕು. ಪತ್ರಿಕೆಗಳೂ ಪ್ರಯೋಗ ನಡೆದದ್ದು ಇಲಿಗಳ ಮೇಲೆ ಎಂಬುದನ್ನು ಕೊನೆಯ ಸಾಲಿಗೆ ತಳ್ಳದೆ ತಲೆಬರಹದಲ್ಲೇ ಹಾಕಲಿ.

– ಒಬ್ಬ ಓದುಗ