ಡಲ್ಲಾಸ್ ಮತ್ತು ಅದರ ಪಕ್ಕದ ಊರು

ಅರ್ವಿಂಗ್, ಟೆಕ್ಸಾಸ್

ಪ್ರೀತಿಯ ಅಪ್ಪಾಜಿಗೆ,

ನಿಮ್ಮ ಮಗಳ ನಮಸ್ಕಾರಗಳು. ನಾವಿಬ್ಬರೂ ಆರಾಮ ಇದ್ದೇವೆ. ಅವ್ವನ ಮೊಣಕಾಲು ನೋವು ಕಡಿಮೆ ಆಗಿದೆ ಎಂದು ತಂಗಿ ಹೇಳಿದಳು, ಸಮಾಧಾನ ಆಯಿತು.

ನಿಮ್ಮ ಅಳಿಯನಿಗೆ ಫೋರ್ಟ್ ವರ್ತ್‌ನಲ್ಲಿ ಕೆಲಸ ಸಿಗುವ ಹಾಗಿದೆ ಎಂದಾಗ ನೀವು ಕೇಳಿದಿರಲ್ಲ, ಅದು ಡಲ್ಲಾಸ್‌ಗಿಂತ ಸಣ್ಣ ಊರಾ ಅಂತ. ಹಿಂದಿನಿಂದ ಕಾಕಾ "ಸಣ್ಣದಾದ್ರ ಬ್ಯಾಡ" ಅಂದದ್ದೂ ಕೇಳಿಸಿತು. ಹುಬ್ಬಳ್ಳಿಯವರು ಹಾಗೇ ಅನ್ನಬೇಕು ಬಿಡಿ. ಫೋನಿನಲ್ಲಿ ಹೇಳಿ ಮುಗಿಯುವ ಮಾತಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಎರಡೂ ಊರಿನ ನಡುವೆ ಸುಮಾರು 50 ಕಿಲೋಮೀಟರ್. ನಮ್ಮ ಹುಬ್ಬಳ್ಳಿ-ಧಾರವಾಡದ ಜಗಳ ಗೊತ್ತಿದ್ದವರಿಗೆ ಇಲ್ಲಿನದು ಬೇಗ ಅರ್ಥ ಆಗುತ್ತದೆ. 1962ರಿಂದ ಒಂದೇ ಪಾಲಿಕೆಯಲ್ಲಿದ್ದೂ ಧಾರವಾಡಕ್ಕೆ ಬೇರೆ ಪಾಲಿಕೆ ಬೇಕು ಎಂದು ನೀವೆಲ್ಲ ಎಷ್ಟು ಕೂಗಿದಿರಿ! ಇಲ್ಲಿನ ಎರಡು ಊರು ಮೊದಲಿನಿಂದಲೂ ಬೇರೆ ಬೇರೆಯೇ. ಆದರೆ ಒಂದರ ಮೇಲೆ ಒಂದಕ್ಕೆ ಕಣ್ಣು.

ನೀವು ರೈಲ್ವೆ ವರ್ಕ್‌ಶಾಪಿನವರು, ಆದ್ದರಿಂದ ರೈಲಿನ ಕಥೆ ಮೊದಲು. 1873ರಲ್ಲಿ ಟೆಕ್ಸಾಸ್ ಅಂಡ್ ಪೆಸಿಫಿಕ್ ರೈಲು ಡಲ್ಲಾಸ್‌ಗೆ ಬಂತು. ಅದೇ ವರ್ಷ ದೇಶದಲ್ಲೆಲ್ಲ ಹಣಕ್ಕೆ ಬರ ಬಂದು, ಹಳಿ ಡಲ್ಲಾಸ್ ದಾಟಿ ಸ್ವಲ್ಪ ದೂರದಲ್ಲೇ ನಿಂತುಬಿಟ್ಟಿತು. ರೈಲು ಬರುತ್ತದೆ ಎಂದು ಫೋರ್ಟ್ ವರ್ತ್‌ನಲ್ಲಿ ಅಂಗಡಿ ಹಾಕಿದ್ದವರು ಗಂಟುಮೂಟೆ ಕಟ್ಟಿದರು. ಹಾಗೆ ಊರು ಬಿಟ್ಟು ಡಲ್ಲಾಸ್ ಸೇರಿದ ವಕೀಲರೊಬ್ಬರು 1875ರಲ್ಲಿ ಅಲ್ಲಿನ ಪತ್ರಿಕೆಯಲ್ಲಿ ಚುಚ್ಚಿ ಬರೆದರು: ಆ ಊರು ಎಷ್ಟು ತೂಕಡಿಸುತ್ತಿದೆ ಎಂದರೆ ಬೀದಿಯಲ್ಲೇ ಚಿರತೆಯಂಥ ಪ್ಯಾಂಥರ್ ಬಂದು ಮಲಗಿತ್ತು ಅಂತ. ಫೋರ್ಟ್ ವರ್ತ್‌ನವರು ಸಿಟ್ಟಾಗುವ ಬದಲು ಅದನ್ನೇ ಊರಿನ ಗುರುತು ಮಾಡಿಕೊಂಡರು. ಇವತ್ತಿಗೂ ಅಲ್ಲಿನ ಪೊಲೀಸರ ಬ್ಯಾಡ್ಜಿನ ಮೇಲೆ ಪ್ಯಾಂಥರ್ ಕೂತಿದೆ.

ಶಾಸನಸಭೆಯ ಅಧಿವೇಶನ ಮುಗಿಯುವುದರೊಳಗೆ ರೈಲು ಫೋರ್ಟ್ ವರ್ತ್ ಮುಟ್ಟದಿದ್ದರೆ ಕಂಪನಿಗೆ ಸಿಗಬೇಕಾದ ಸರ್ಕಾರಿ ಜಮೀನು ಹೋಗುತ್ತಿತ್ತು. ಆಗ ಊರಿನ ಜನರೇ ಹೆಗಲು ಕೊಟ್ಟು ಅವಸರದಲ್ಲಿ ಹಳಿ ಹಾಕಿಸಿದರು. ಕಾಯಿಲೆ ಬಿದ್ದಿದ್ದ ಒಬ್ಬ ಶಾಸಕರನ್ನು ದಿನಾ ಸಭೆಗೆ ಹೊತ್ತು ತಂದು, ಅಧಿವೇಶನ ಮುಗಿಸಬೇಡಿ ಎಂದು ಮತ ಹಾಕಿಸುತ್ತಿದ್ದರಂತೆ. 1876ರ ಜುಲೈ 19ಕ್ಕೆ ಮೊದಲ ರೈಲು ಬಂತು. ನೀವಾಗಿದ್ದರೆ ಆ ಹಳಿಯ ಮೇಲೆ ಎಂಜಿನ್ ಬಿಡುತ್ತಿದ್ದಿರಾ ಅನ್ನುವುದು ಬೇರೆ ಮಾತು.

ಆಮೇಲೆ ಅಮೋನ್ ಕಾರ್ಟರ್ ಎಂಬ ಪತ್ರಿಕೆ ಮಾಲೀಕರು ಫೋರ್ಟ್ ವರ್ತ್‌ನಲ್ಲಿ ದೊಡ್ಡ ಮನುಷ್ಯರಾದರು. ಡಲ್ಲಾಸ್‌ಗೆ ಹೋಗಬೇಕಾದರೆ ಬುತ್ತಿ ಕಟ್ಟಿಕೊಂಡು ಹೋಗುತ್ತಿದ್ದರಂತೆ, ಅಲ್ಲಿ ಒಂದು ಕಾಸೂ ಬಿಚ್ಚಬಾರದು ಅಂತ! ವಿಮಾನ ನಿಲ್ದಾಣಕ್ಕೂ ಇದೇ ಹಟ. ಕೊನೆಗೆ 1964ರಲ್ಲಿ ಕೇಂದ್ರದ ವಿಮಾನಯಾನ ಮಂಡಳಿ, ಇಬ್ಬರೂ ಸೇರಿ ಒಂದೇ ಕಟ್ಟಿ ಎಂದು ಗದರಿತು. 1974ರಲ್ಲಿ ಶುರುವಾದ ಆ ನಿಲ್ದಾಣದಲ್ಲಿ ಡಲ್ಲಾಸ್‌ನದು ಹನ್ನೊಂದರಲ್ಲಿ ಏಳು ಪಾಲು, ಫೋರ್ಟ್ ವರ್ತ್‌ನದು ನಾಲ್ಕು. ನಮ್ಮ ಮನೆಯ ಮೇಲೆ ದಿನವಿಡೀ ಹಾರುವುದು ಅಲ್ಲಿನ ವಿಮಾನಗಳೇ.

ಕೆಲಸದ ಮಾತು ಬಂದ ಮೇಲೆ ಎರಡೂ ಊರಿನ ಡೌನ್‌ಟೌನ್, ಅಂದರೆ ನಡುಪೇಟೆ, ಸರಿಯಾಗಿ ನೋಡೋಣ ಎಂದು ಶನಿವಾರ ಹೊರಟೆವು. ಎರಡೂ ಊರು ಸೇರಿಸುವ ಲೋಕಲ್ ರೈಲು ಇದೆ, ಭಾನುವಾರ ಮಾತ್ರ ಓಡುವುದಿಲ್ಲ.

ಡಲ್ಲಾಸ್ ದೂರದಿಂದ ಚೆಂದ. 72 ಮಹಡಿಯ ಕಟ್ಟಡದ ಅಂಚಿಗೆಲ್ಲ ರಾತ್ರಿ ಹಸಿರು ದೀಪ. ಸ್ಟೇಷನ್ ಪಕ್ಕದಲ್ಲೇ ನೆತ್ತಿಯ ಮೇಲೆ ಗುಂಡು ಹೊತ್ತ ರಿಯೂನಿಯನ್ ಟವರ್. ಹತ್ತಿರ ಹೋದರೆ ಬಿಕೋ ಅನ್ನುತ್ತದೆ. ಮಧ್ಯಾಹ್ನದ ಹೊತ್ತು, ಇಷ್ಟಗಲ ರಸ್ತೆ, ಸಿಗ್ನಲ್ ಹಸಿರಾಗುತ್ತದೆ, ದಾಟುವವರು ನಾವಿಬ್ಬರೇ. ಇಲ್ಲಿ 1960ರ ದಶಕದಿಂದ ನೆಲದ ಕೆಳಗೆ ಸುರಂಗ ದಾರಿ ಮಾಡಿ ಊಟದ ಅಂಗಡಿಗಳನ್ನೆಲ್ಲ ಅಲ್ಲಿಗೆ ಇಳಿಸಿದ್ದಾರೆ. ಬಿಸಿಲಿಗೆ ಅನುಕೂಲವೇ, ಆದರೆ ಮೇಲಿನ ರಸ್ತೆಯ ಜೀವ ಹೋಯಿತು. ನಾವು ಒಂದು ಬಾಗಿಲು ದೂಡಿ ನೋಡಿದೆವು, ಬೀಗ. ಗಾಜಿನಾಚೆ ಮೇಜಿನ ಮೇಲೆ ಕುರ್ಚಿ ಮಗುಚಿ ಇಟ್ಟಿದ್ದರು. ವಾರದ ಐದು ದಿನದ ವ್ಯಾಪಾರ ಅದು. 52 ಮಹಡಿಯ ಹಳೆಯ ಬ್ಯಾಂಕ್ ಕಟ್ಟಡವೊಂದು ಹತ್ತು ವರ್ಷ ಖಾಲಿ ಬಿದ್ದಿದ್ದು, 2020ರಲ್ಲಿ ಹೋಟೆಲ್ಲು, ಫ್ಲ್ಯಾಟು ಆಗಿ ಮತ್ತೆ ತೆರೆದಿದೆ.

ಸುಮ್ನೆ ಬೈಯಬಾರದು, ಒಂದು ಕೆಲಸ ಮಾತ್ರ ಭೇಷ್. ಊರಿನ ಅಂಚಿನಲ್ಲಿ ತಗ್ಗಿನಲ್ಲಿ ಹೋಗುವ ಹೆದ್ದಾರಿಗೆ ಮೇಲಿನಿಂದ ಮುಚ್ಚಳ ಹಾಕಿ, 2012ರಲ್ಲಿ ಪಾರ್ಕ್ ಮಾಡಿದ್ದಾರೆ. ಕೆಳಗೆ ಕಾರುಗಳು ಓಡುತ್ತಿರುತ್ತವೆ, ಮೇಲೆ ಮಕ್ಕಳು ನೀರಿನಲ್ಲಿ ಕುಣಿಯುತ್ತಿರುತ್ತಾರೆ. ಆ ದಿನ ಡಲ್ಲಾಸ್‌ನ ಜನರನ್ನೆಲ್ಲ ನೋಡಿದ್ದು ಅಲ್ಲೇ.

ಫೋರ್ಟ್ ವರ್ತ್‌ನಲ್ಲಿ ಅತಿ ಎತ್ತರದ್ದೇ 40 ಮಹಡಿ. ಕಾಕಾ ಕೇಳಿದರೆ ಮೂಗು ಮುರಿಯುತ್ತಾರೆ. ಆದರೆ ಇಟ್ಟಿಗೆ ಹಾಸಿದ ಮೇನ್ ಸ್ಟ್ರೀಟ್, ಅದರ ತುದಿಗೆ 1895ರ ಗುಲಾಬಿ ಕಲ್ಲಿನ ಕೋರ್ಟ್ ಕಟ್ಟಡ, ಹಳೆಯ ಎರಡು ಮೂರು ಅಂತಸ್ತಿನ ಕಟ್ಟಡಗಳನ್ನು ಕೆಡವದೆ ಉಳಿಸಿಕೊಂಡ ಚೌಕ. ಅಜ್ಜ ಅಜ್ಜಿಯರು ನೆರಳಲ್ಲಿ ಕೂತಿದ್ದರು. ಕಚ್ಚಾತೈಲದಲ್ಲಿ ದುಡ್ಡು ಮಾಡಿದ ಬ್ಯಾಸ್ ಎಂಬ ಮನೆತನ ಸಾಲು ಸಾಲಾಗಿ ಕಟ್ಟಡ ಕೊಂಡು ದುರಸ್ತಿ ಮಾಡಿದ್ದರಿಂದ ಇದು ಉಳಿಯಿತು. ಊರಿನ ನಡುಭಾಗ ಒಂದೇ ಮನೆತನದ ಕೈಯಲ್ಲಿ ಇರುವುದು ಒಳ್ಳೆಯದಾ ಅಂದರೆ, ನನಗೇನೋ ಸರಿ ಕಾಣುವುದಿಲ್ಲ. 2000ದ ಮಾರ್ಚ್‌ನಲ್ಲಿ ಸುಂಟರಗಾಳಿ ಈ ಪೇಟೆಯ ಮೇಲೇ ಹಾಯ್ದು, 35 ಮಹಡಿಯ ಗಾಜಿನ ಕಟ್ಟಡ ಪ್ಲೈವುಡ್ ಹೊಡೆಸಿಕೊಂಡು ವರ್ಷಗಟ್ಟಲೆ ನಿಂತಿತ್ತು. ಈಗ ಅದರಲ್ಲಿ ಜನ ಮನೆ ಮಾಡಿಕೊಂಡಿದ್ದಾರೆ.

ಅಲ್ಲಿಂದ ಉತ್ತರಕ್ಕೆ ಸ್ವಲ್ಪ ದೂರ ಹೋದರೆ ಹಳೆಯ ದನದ ಸಂತೆ, ಸ್ಟಾಕ್‌ಯಾರ್ಡ್ಸ್. ದಿನಕ್ಕೆ ಎರಡು ಸಲ ಉದ್ದ ಕೊಂಬಿನ ದನಗಳನ್ನು ರಸ್ತೆಯಲ್ಲಿ ನಡೆಸಿಕೊಂಡು ಹೋಗುತ್ತಾರೆ. ಕೊಂಬು ನಮ್ಮ ಖಿಲಾರಿಯ ಹಾಗೆ ಮೇಲಕ್ಕಲ್ಲ, ಎರಡೂ ಕಡೆಗೆ ಚಾಚಿರುತ್ತದೆ. ಒಂದು ದನ ನಮ್ಮೆದುರು ಸುಮ್ಮನೆ ನಿಂತು ಸಗಣಿ ಹಾಕಿತು, ನಿಮ್ಮ ಅಳಿಯ ಅದರದ್ದೂ ಫೋಟೊ ತೆಗೆದಿದ್ದಾರೆ.

ಈಗ ಬೆಳೆಯುವ ಮಾತು. 2010ರಲ್ಲಿ ಫೋರ್ಟ್ ವರ್ತ್‌ನಲ್ಲಿ 7.41 ಲಕ್ಷ ಜನ, 2020ರಲ್ಲಿ 9.19 ಲಕ್ಷ, 2024ರ ಅಂದಾಜಿನಲ್ಲಿ 10 ಲಕ್ಷ ದಾಟಿದೆ. ಡಲ್ಲಾಸ್ 2020ರಲ್ಲಿ 13 ಲಕ್ಷ, ದೊಡ್ಡದು ಹೌದು, ಆದರೆ ಈ ವೇಗ ಅದಕ್ಕಿಲ್ಲ. ಹಾಗಂತ ಫೋರ್ಟ್ ವರ್ತ್ ಗೆದ್ದಿತು ಅನ್ನಬೇಡಿ. ಬಂದ ಜನ ಆ ಚೆಂದದ ಪೇಟೆಗೆ ಬಂದಿಲ್ಲ. ಎರಡೂ ಊರಿನ ಉತ್ತರಕ್ಕೆ ದನ ಮೇಯುತ್ತಿದ್ದ ಬಯಲಿಗೆ ಬಂದಿದ್ದಾರೆ. ಡಲ್ಲಾಸ್ ಕಡೆಯ ಫ್ರಿಸ್ಕೊದಲ್ಲಿ 2000ದಲ್ಲಿ ಇದ್ದದ್ದು 34 ಸಾವಿರಕ್ಕಿಂತ ಕಡಿಮೆ ಜನ, 2020ರಲ್ಲಿ ಎರಡು ಲಕ್ಷ. ಎಟಿ ಅಂಡ್ ಟಿ ಎಂಬ ಫೋನ್ ಕಂಪನಿ 2008ರಲ್ಲಿ ತನ್ನ ಮುಖ್ಯ ಕಚೇರಿಯನ್ನು ಡಲ್ಲಾಸ್‌ಗೆ ತಂದಿತ್ತು, ಈಗ ಡೌನ್‌ಟೌನ್ ಬಿಟ್ಟು ಉತ್ತರದ ಪ್ಲೇನೊ ಎಂಬ ಊರಿಗೆ ಹೊರಟಿದೆ. ಡಲ್ಲಾಸ್ ಹೆಸರಿನ ಫುಟ್‌ಬಾಲ್ ತಂಡವೇ ಆಡುವುದು ಪಕ್ಕದ ಆರ್ಲಿಂಗ್ಟನ್‌ನಲ್ಲಿ, ಅಂದಮೇಲೆ ನೋಡಿ.

ನಮಗೂ ಅದೇ ಕಥೆ. ಫೋರ್ಟ್ ವರ್ತ್ ಕೆಲಸ ಅಂದೆನಲ್ಲ, ಆಫೀಸು ಇರುವುದು ಅಲಯನ್ಸ್ ಎಂಬಲ್ಲಿ, ಪೇಟೆಯಿಂದ ಸುಮಾರು 25 ಕಿಲೋಮೀಟರ್ ಉತ್ತರಕ್ಕೆ. 1989ರಲ್ಲಿ ಸಾಮಾನು ಸಾಗಿಸುವ ವಿಮಾನಗಳಿಗೆಂದು ನಿಲ್ದಾಣ ಮಾಡಿ, ಸುತ್ತ ಗೋದಾಮು ಎಬ್ಬಿಸಿದ ಜಾಗ. ವಿಳಾಸದಲ್ಲಿ ಊರಿನ ಹೆಸರು, ಕಿಟಕಿಯಲ್ಲಿ ಲಾರಿಗಳು. ನಾನು ಮೇನ್ ಸ್ಟ್ರೀಟ್ ಪಕ್ಕ ಸಣ್ಣ ಫ್ಲ್ಯಾಟ್ ಹಿಡಿಯೋಣ ಅನ್ನುತ್ತೇನೆ. ನಿಮ್ಮ ಅಳಿಯ, ಆಫೀಸಿನ ಹತ್ತಿರ ಅದೇ ಬಾಡಿಗೆಗೆ ಹಿತ್ತಲು ಇರುವ ಮನೆ ಸಿಗುತ್ತದೆ ಅನ್ನುತ್ತಾರೆ. ಅವರ ಲೆಕ್ಕ ತಪ್ಪಲ್ಲ, ಅಲ್ವಾ? ಎಲ್ಲರೂ ಅದೇ ಲೆಕ್ಕ ಹಾಕಿದ್ದಕ್ಕೇ ಬಯಲು ತುಂಬಿತು, ಪೇಟೆ ಖಾಲಿಯಾಯಿತು. ಹಿತ್ತಲು ಬಂದರೆ ಹಾಲು ತರಲೂ ಕಾರು ಹತ್ತಬೇಕು. ನೀವು ಅವರಿಗೆ ಒಂದು ಮಾತು ಹೇಳಿ ನೋಡಿ, ನಿಮ್ಮ ಮಾತಾದರೆ ಕೇಳುತ್ತಾರೆ.

ವೀಸಾದ ಕಾಗದಗಳ ಜೆರಾಕ್ಸ್ ಎರಡು ಪ್ರತಿ ತೆಗೆಸಿಡಿ. ಅವ್ವನಿಗೆ ನಮಸ್ಕಾರ ಹೇಳಿ. ಕಾಕಾಗೆ ಈ ಪತ್ರ ಓದಿ ಹೇಳುವಾಗ 40 ಮಹಡಿಯ ಸಾಲು ಬಿಟ್ಟುಬಿಡಿ.

ನಿಮ್ಮ ಮಗಳು